ಆರು ಮಂದಿ, ಏಳು ಕಾಲು

ಈ ಪ್ರಯಾಣಕ್ಕೆ ನನ್ನ ಬಳಿ ಎರಡು ಸಾಕ್ಷಿಗಳಿವೆ. ಒಂದು ನನ್ನ ನೆನಪು, ಇನ್ನೊಂದು ಆಗ ಜೇಬಿನಲ್ಲಿಟ್ಟುಕೊಂಡಿದ್ದ ಸಣ್ಣ ಟಿಪ್ಪಣಿ ಪುಸ್ತಕ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ನೆನಪಿನ ಪ್ರಕಾರ ಸುಬೇದಾರ ಅಣ್ಣಾರಾಯನಿಗೆ ಇಲ್ಲದ್ದು ಬಲಗಾಲು. ಪುಸ್ತಕದ ಮೂರನೆಯ ಪುಟದಲ್ಲಿ ‘ಎಡ’ ಎಂದಿದೆ, ಒಂಬತ್ತನೆಯ ಪುಟದಲ್ಲಿ ‘ಬಲ’ ಎಂದಿದೆ. ಎರಡೂ ನನ್ನದೇ ಅಕ್ಷರ. ವರ್ಷ ತೊಂಬತ್ತೆಂಟೋ ತೊಂಬತ್ತೊಂಬತ್ತೋ ಎಂಬುದೂ ಗೊತ್ತಿಲ್ಲ. ಎಳ್ಳಮವಾಸ್ಯೆ ಆಗಿ ಕೆಲವೇ ದಿನಗಳಾಗಿದ್ದವು ಎಂಬುದು ಮಾತ್ರ ಖಾತ್ರಿ, ಏಕೆಂದರೆ ದಾರಿಯುದ್ದಕ್ಕೂ ಸೀತನಿ ತಿಂದಿದ್ದೇವೆ, ಮತ್ತು ಹಸಿ ಜೋಳದ ತೆನೆ ಸುಟ್ಟು ತಿನ್ನುವ ಆ ಸುಖ ಬೇರೆ ತಿಂಗಳಲ್ಲಿ ಸಿಗುವುದಿಲ್ಲ. ಉಳಿದದ್ದನ್ನು ಓದುಗರು ಸ್ವಲ್ಪ ಅನುಮಾನದಿಂದಲೇ ಓದಬೇಕು. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಅಣ್ಣಾರಾಯ ಇಂಡಿಯಲ್ಲಿ ಮೆಟ್ರಿಕ್ ತನಕ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವನು. ಅವನು ಸೈನ್ಯಕ್ಕೆ ಹೋದ. ನಾನು ಧಾರವಾಡಕ್ಕೆ ಹೋಗಿ ತರ್ಕಶಾಸ್ತ್ರ ಓದಿ, ಅದನ್ನೇ ಕಲಿಸುತ್ತ ಉಳಿದೆ. ಗಡಿಯಲ್ಲಿ ನೆಲಬಾಂಬಿನ ಮೇಲೆ ಹೆಜ್ಜೆಯಿಟ್ಟು ಮೊಣಕಾಲ ಕೆಳಗೆ ಒಂದು ಕಾಲು ಕಳೆದುಕೊಂಡು ಊರಿಗೆ ಬಂದ ಮೇಲೆ ಅವನು ಒಂದು ಹೊಸ ಹುಚ್ಚು ಹಚ್ಚಿಕೊಂಡಿದ್ದ. ಕುಳಿತು ಆಡುವ ವಾಲಿಬಾಲ್. ಕೃತಕ ಕಾಲು ಜೋಡಿಸಿಕೊಟ್ಟ ಸೈನ್ಯದ ಆಸ್ಪತ್ರೆಯಲ್ಲಿ ಅದನ್ನು ಕಲಿತು ಬಂದಿದ್ದ. ನೆಟ್ಟನ್ನು ನಿಂತವನ ಹೊಕ್ಕಳ ಮಟ್ಟಕ್ಕೆ ಕಟ್ಟುತ್ತಾರೆ. ಆಟಗಾರರೆಲ್ಲ ನೆಲದ ಮೇಲೆ ಕುಳಿತು, ಕೈ ಊರಿ ಸರಿಯುತ್ತ ಆಡುತ್ತಾರೆ. ಚೆಂಡು ಹೊಡೆಯುವಾಗ ಕುಂಡಿ ನೆಲ ಬಿಟ್ಟರೆ ತಪ್ಪು. ಜಿಲ್ಲೆಯ ಅಂಗವಿಕಲ ಮಾಜಿ ಸೈನಿಕರದೇ ಒಂದು ತಂಡ ಕಟ್ಟಬೇಕು ಎಂಬುದು ಅವನ ಹಟ. ತನ್ನನ್ನೂ ಸೇರಿಸಿ ಐದು ಮಂದಿ ಸಿಕ್ಕಿದ್ದರು, ಅವರಲ್ಲಿ ಇಬ್ಬರಿಗೆ ಈ ಪ್ರಯಾಣಕ್ಕೆ ಬರಲಾಗಲಿಲ್ಲ. ಆರನೆಯವನು ಬಾಗೇವಾಡಿ ತಾಲೂಕಿನ ಸಂಗಪ್ಪ. ಕಾಲು ಕಳೆದುಕೊಂಡು ಮನೆಗೆ ಬಂದವನು ಹದಿನಾಲ್ಕು ತಿಂಗಳಿನಿಂದ ಹೊರಸು ಎಂಬ ಹಗ್ಗದ ಮಂಚ ಬಿಟ್ಟು ಹೊಸ್ತಿಲು ದಾಟಿರಲಿಲ್ಲ. ಉಣ್ಣುವುದನ್ನೂ ಒಂದೊಂದೇ ತುತ್ತು ಕಡಿಮೆ ಮಾಡುತ್ತ ಬಂದಿದ್ದ. ಅವನ ಹೆಂಡತಿ ನೀಲವ್ವ ಯಾರ ಕೈಯಲ್ಲೋ ಅಣ್ಣಾರಾಯನಿಗೆ ಕಾಗದ ಬರೆಸಿದ್ದಳು: ‘ನೀವೊಮ್ಮೆ ಬಂದು ಹೋಗ್ರಿ. ನಿಮ್ಮ ಮಾತೂ ಕೇಳಲಿಲ್ಲ ಅಂದ್ರ ಮತ್ತ ಯಾರನ್ನೂ ಕರಿಯಂಗಿಲ್ಲ.’

ಅಣ್ಣಾರಾಯ ನನಗೂ ಒಂದು ಕಾರ್ಡು ಹಾಕಿದ. ‘ನೀ ಯಾವುದನ್ನೂ ನಂಬದವ. ಬಾ, ಕಣ್ಣಿಲೆ ನೋಡು.’ ಧಾರವಾಡದ ನನ್ನ ಡಾಕ್ಟರ್ ಗೆಳೆಯನೊಬ್ಬ, ಹೇಗೂ ಹೋಗುತ್ತೀಯಲ್ಲ ಎಂದು ಐದು ಪ್ರಶ್ನೆಗಳ ಒಂದು ಕಾಗದ ಕೊಟ್ಟ. ಆಟಕ್ಕೆ ಮೊದಲು ಮತ್ತು ನಂತರ ನಿದ್ದೆ ಹೇಗೆ, ನೋವು ಹೇಗೆ, ಹಸಿವು ಹೇಗೆ, ಸಿಟ್ಟು ಹೇಗೆ, ಮಂದಿಯೊಡನೆ ಬೆರೆಯುವುದು ಹೇಗೆ. ಆಟದಿಂದ ಲಾಭವಾಗುತ್ತದೆ ಎಂಬುದು ಬಹಳ ಸುಲಭದ ಮಾತು, ಅದಕ್ಕೇ ಅನುಮಾನ ಪಡಬೇಕು ಎಂದು ನಾನು ಅವನಿಗೆ ಹೇಳಿದ್ದೆ. ಕಾಗದವನ್ನು ಮಾತ್ರ ಮಡಚಿ ಇಟ್ಟುಕೊಂಡೆ.

ಮಂಗಳವಾರ ಮಧ್ಯಾಹ್ನ ಇಂಡಿ ತಲುಪಿದೆ. ಸ್ಟ್ಯಾಂಡಿನ ಮುಂದೆ ಲಿಂಬೆಹಣ್ಣಿನ ಚೀಲಗಳನ್ನು ಲಾರಿಗೆ ಏರಿಸುತ್ತಿದ್ದರು. ಗಾಳಿಯೆಲ್ಲ ಹುಳಿಯಾಗಿತ್ತು. ಅಣ್ಣಾರಾಯ ಕೃತಕ ಕಾಲಿನ ಮೇಲೆ ಪ್ಯಾಂಟು, ಬೂಟು ಹಾಕಿಕೊಂಡು ನೆಟ್ಟಗೆ ನಿಂತಿದ್ದ. ಹೆಗಲಿಗೆ ಒಂದು ಚೀಲ, ಅದರಲ್ಲಿ ವಾಲಿಬಾಲ್.

“ಬಾರಲೇ ಮಾಸ್ತರ. ನಾವಿಬ್ಬರೂ ಕೂಡಿ ಎಷ್ಟಾತು ಹೇಳು?”

“ಏನೆಷ್ಟು?”

“ಮೂರು ಕಾಲು.” ತನ್ನ ಮಾತಿಗೆ ತಾನೇ ನಕ್ಕ. “ಮುದ್ದೇಬಿಹಾಳದ ಶೇಖಪ್ಪಗ ಹಿಂಗ ಹೇಳಿ ಕಳಿಸೇನಿ, ಗುರುತಿನ ಕಂಡಕ್ಟರನ ಕೈಯಾಗ. ಬುಧವಾರ, ಬಾಗೇವಾಡಿ, ಆರು ಮಂದಿ, ಏಳು ಕಾಲು. ಅಷ್ಟ. ಅವಗ ತಿಳೀತೈತಿ.”

ಲೆಕ್ಕ ಹೀಗೆ. ತಂಡದಲ್ಲಿ ಐವರಿಗೆ ಒಂದೊಂದೇ ಕಾಲು. ಸಿಂದಗಿಯ ಲಾಲಸಾಬನಿಗೆ ಹೋದದ್ದು ಕೈ, ಅವನ ಕಾಲು ಎರಡೂ ಇವೆ. ಒಟ್ಟು ಏಳು. ತಂಡಕ್ಕೆ ಇದೇ ಹೆಸರಿಡಬೇಕೆಂಬ ವಿಚಾರವೂ ಅವನಿಗಿತ್ತು.

ಸಂಜೆಯ ಬಸ್ಸಿಗೆ ಸಿಂದಗಿಯ ಕಡೆ ಹೊರಟೆವು. ಟಿಕೆಟ್ ತಲೆಗೆ ಹದಿನಾಲ್ಕು ರೂಪಾಯಿ. ಸೀಟು ಇಕ್ಕಟ್ಟೆಂದು ಅಣ್ಣಾರಾಯ ಕೃತಕ ಕಾಲನ್ನು ಬಿಚ್ಚಿ, ಬೂಟಿನ ಸಮೇತ, ಮೇಲಿನ ಸಾಮಾನಿನ ಹಲಗೆಯ ಮೇಲಿಟ್ಟ. ಕಂಡಕ್ಟರ್ ಅದನ್ನೇ ನೋಡಿ, “ಸುಬೇದಾರ್ರ, ಇದಕ್ಕ ಲಗೇಜ್ ಚಾರ್ಜ್ ಆಗತೈತ್ರಿ” ಎಂದ. “ಅರ್ಧಾ ಟಿಕೀಟ ಹರಿ, ಅದಕಿನ್ನಾ ವಯಸ್ಸಾಗಿಲ್ಲ” ಎಂದು ಇವನು ಹೇಳಿದ್ದಕ್ಕೆ ಹಿಂದಿನ ಸೀಟಿನ ಹೆಂಗಸರೂ ನಕ್ಕರು.

ಎರಡೂ ಕಡೆ ಎದೆಮಟ್ಟ ಜೋಳ. ದಾರಿ ಕೆಟ್ಟಿತ್ತು. ಅರ್ಧ ತಾಸಿನ ಮೇಲೆ, ತೂಕಡಿಸುತ್ತಿದ್ದ ಅಣ್ಣಾರಾಯ ಕಣ್ಣು ಮುಚ್ಚಿಕೊಂಡೇ ಮುಖ ಸಿಂಡರಿಸಿದ. “ಮಾಸ್ತರ, ನಿನ್ನ ಬೂಟು ನನ್ನ ಕಾಲ ಮ್ಯಾಲೈತಿ. ತಗಿ.”

ನಾನು ಕೂಡಲೇ ಕಾಲು ಹಿಂದೆಗೆದುಕೊಂಡು, “ತಪ್ಪಾಯಿತು” ಎಂದೆ. ಆಮೇಲೆ ಕೆಳಗೆ ನೋಡಿದೆ. ನನ್ನ ಬೂಟು ಇದ್ದ ಜಾಗದಲ್ಲಿ ಅವನ ಕಾಲು ಇರಲೇ ಇಲ್ಲ. ಅದು ಹೋಗಿ ವರ್ಷಗಳಾಗಿದ್ದವು.

“ಹಾಂ. ಈಗ ಆರಾಮಾತು” ಎಂದ ಅಣ್ಣಾರಾಯ.

ಚೇಷ್ಟೆ ಮಾಡಿದನೋ, ನಿಜವಾಗಿ ನೋವಾಗಿತ್ತೋ? ಕೇಳಿದೆ. ಇಲ್ಲದ ಕಾಲು ನೋಯುತ್ತದೆ, ಕೆಲವು ದಿನ ತುರಿಸುತ್ತದೆ, ಆಡಿ ಬೆವರಿಳಿದ ದಿನ ಮಾತ್ರ ಸುಮ್ಮನಿರುತ್ತದೆ ಎಂದ. ನಾನು ಪುಸ್ತಕ ತೆಗೆದು ಬರೆದುಕೊಂಡೆ. “ಆದರೆ ಇಲ್ಲದ್ದು ನೋಯುವುದು ಹೇಗೆ? ಅದು ಬರೀ ನೆನಪು” ಎಂದೆ. “ನೆನಪು ಅಂದ್ರ ಸುಳ್ಳೇನು? ತುರಸೂದು ಖರೆ ಐತಲ್ಲೋ” ಎಂದು ಅವನು ಮತ್ತೆ ನಿದ್ದೆ ಹೋದ. ನಾನು ಸಿಂದಗಿ ಬರುವ ತನಕ ಕಾಲು ಮುದುಡಿಕೊಂಡೇ ಕುಳಿತಿದ್ದೆ. ಅಲ್ಲಿ ಏನೂ ಇರಲಿಲ್ಲ ಎಂದು ಗೊತ್ತಿದ್ದೂ ಕಾಲು ಚಾಚುವ ಧೈರ್ಯವಾಗಲಿಲ್ಲ.

ಸಿಂದಗಿಯಲ್ಲಿ ಲಾಲಸಾಬನ ಮನೆಯಲ್ಲಿ ಇಳಿದುಕೊಂಡೆವು. ಎಡಗೈ ಮೊಣಕೈಯ ತನಕವೇ ಇದ್ದ ಗಟ್ಟಿ ಆಳು. ಜೋಳದ ರೊಟ್ಟಿ, ಬದನೆಯ ಎಣಗಾಯಿ, ಶೇಂಗಾ ಹಿಂಡಿ. ಊಟದ ನಂತರ ಐದು ಪ್ರಶ್ನೆಗಳ ಕಾಗದ ಬಿಚ್ಚಿದೆ. ನಿದ್ದೆ ಸುಧಾರಿಸಿದೆ ಎಂದ. ಹಸಿವು ಹೆಚ್ಚಾಗಿದೆ ಎಂದ. ಒಂದೇ ಕೈಯಿಂದ ಭಾರ ಎತ್ತಿ ಎತ್ತಿ ಬಾಗಿಹೋಗಿದ್ದ ಬೆನ್ನು ನೆಟ್ಟಗಾಗುತ್ತಿದೆ ಎಂದ. ಸಿಟ್ಟಿನ ಪ್ರಶ್ನೆಗೆ ಬಂದೆ.

“ಮೊದಲ ಮನ್ಯಾಗ ಎಲ್ಲರ ಮ್ಯಾಲ ಒದರತಿದ್ದೆ. ಈಗ ಬಾಲಿನ ಮ್ಯಾಲ ಒದರತೇನಿ. ಇದು ಲಾಭ ಹೌದೋ ಅಲ್ಲೋ ನೀವ ಬರಕೋರಿ.”

ಒಳಗಿನಿಂದ ಅವನ ಹೆಂಡತಿಯ ದನಿ ಬಂತು: “ಈಗೂ ಒದರತಾರ್ರಿ! ಅದನ್ನೂ ಬರಕೋರಿ!”

ಎರಡನ್ನೂ ಬರೆದುಕೊಂಡೆ. ಯಾವುದನ್ನು ನಂಬಬೇಕೋ ತಿಳಿಯಲಿಲ್ಲ. ನಿದ್ದೆ ಬಂದದ್ದು ಆಟದಿಂದಲೋ, ವಾರಕ್ಕೊಮ್ಮೆ ತನ್ನಂಥವರೊಡನೆ ಕುಳಿತು ಚಹಾ ಕುಡಿದದ್ದರಿಂದಲೋ, ಸುಮ್ಮನೆ ಕಾಲ ಕಳೆದದ್ದರಿಂದಲೋ? ಬೇರೆ ಬೇರೆ ಮಾಡಿ ನೋಡುವ ದಾರಿಯೇ ಇಲ್ಲ ಎಂದು ಅಣ್ಣಾರಾಯನಿಗೆ ಹೇಳಿದೆ. “ಪಲ್ಯಾಕ ರುಚಿ ಬಂದದ್ದು ಉಪ್ಪಿನಿಂದೋ ಖಾರದಿಂದೋ ಅಂತ ಕೇಳಕೋತ ಕುಂತ್ರ ರೊಟ್ಟಿ ಆರತೈತಿ, ಮಲಕೋ” ಎಂದ.

ಬುಧವಾರ ಬೆಳಿಗ್ಗೆ ಆರೂವರೆಯ ಬಸ್ಸು. ಚಳಿ ಬಿದ್ದಿತ್ತು. ಲಾಲಸಾಬ ಸೀತನಿಯನ್ನು ಬೆಲ್ಲ, ಒಣಕೊಬ್ಬರಿಯ ಜೊತೆ ಕಟ್ಟಿಸಿಕೊಂಡು ಬಂದಿದ್ದ. ತಾಳಿಕೋಟಿಯ ಮೇಲೆ ಹಾದು ಹತ್ತು ಗಂಟೆಗೆ ಮುದ್ದೇಬಿಹಾಳ ಮುಟ್ಟಿದೆವು. ಅಲ್ಲಿಂದ ಶೇಖಪ್ಪನನ್ನು ಕರೆದುಕೊಂಡು ಹೋಗುವುದೆಂದಿತ್ತು. ಅವನ ಮನೆ ಸ್ಟ್ಯಾಂಡಿಗೆ ಹತ್ತಿರ. ಅವನ ತಾಯಿ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಅಣ್ಣಾರಾಯನನ್ನು ಕಂಡವಳೇ ಮೊರ ಕೆಳಗಿಟ್ಟಳು.

“ಎಪ್ಪಾ, ನೀ ಇಲ್ಲಿ ಹ್ಯಾಂಗ? ಅಂವ ಕೋಳಿ ಕೂಗೂದ್ರಾಗ ಎದ್ದು ಬಾಗೇವಾಡಿಗಿ ಹೋದ್ನಲ್ಲೋ. ಏಳೂಕಾಲಕ್ಕ ಮುಟ್ಟಬೇಕು, ಸುಬೇದಾರ್ರು ಟೈಮ್ ಕೊಟ್ಟಾರ ಅಂತ ಚಾ ಸುದ್ದಾ ಕುಡೀಲಿಲ್ಲ.”

ಅಣ್ಣಾರಾಯ ಹಣೆಗೆ ಕೈ ಹಚ್ಚಿಕೊಂಡ. ಏಳು ಕಾಲು ಕಂಡಕ್ಟರನ ಬಾಯಲ್ಲಿ ಏಳೂಕಾಲು ಗಂಟೆಯಾಗಿತ್ತು. ಲಾಲಸಾಬ ನಕ್ಕು ನಕ್ಕು ಅಲ್ಲಿಯೇ ಕೂತುಬಿಟ್ಟ.

ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಹನ್ನೆರಡೂವರೆಗೆ ನಾವು ಇಳಿದಾಗ ಶೇಖಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ಬಗಲಲ್ಲಿ ಎರಡು ಊರುಗೋಲು. ನಮ್ಮನ್ನು ಕಂಡೂ ಏಳಲಿಲ್ಲ.

“ಒಂಬತ್ತು ಚಾ ಕುಡದೇನಿ. ಈ ಸ್ಟ್ಯಾಂಡಿನ ನಾಯಿಗೋಳಿಗೆಲ್ಲಾ ನನ್ನ ಗುರ್ತಾತು. ಪಲ್ಟನ್ಯಾಗ ಐದು ಮಿನಿಟ ತಡಾ ಆದ್ರ ನಮಗ ಮೈದಾನ ಸುತ್ತಸತಿದ್ರಲ್ಲ ಸಾಹೇಬ್ರ, ಈಗ ನೀವು ಎಷ್ಟು ಸುತ್ತು ಹಾಕತೀರಿ?”

“ಹಾಕತೇನಪ್ಪಾ, ಒಂದ ಕಾಲಿಲೆ ಹಾಕತೇನಿ. ಮೊದಲ ಹೇಳು, ನಿನ್ನ ಕಡೆ ಇಟ್ಟ ನೆಟ್ ಎಲ್ಲಿ?”

“ಯಾ ನೆಟ್? ಕಂಡಕ್ಟರ ಟೈಮ್ ಹೇಳಿದ, ನೆಟ್ ಹೇಳಲಿಲ್ಲ. ಮನ್ಯಾಗ ಟ್ರಂಕಿನ್ಯಾಗೈತಿ.”

ಹೀಗಾಗಿ ಚೆಂಡು ಮಾತ್ರ ಇಟ್ಟುಕೊಂಡು ಟೆಂಪೋ ಹಿಡಿದೆವು. ಸಂಗಪ್ಪನದು ಮುಳವಾಡದ ದಾರಿಯಲ್ಲಿ ಒಂದು ಸಣ್ಣ ಊರು. ಟೆಂಪೋದಲ್ಲಿ ಅಣ್ಣಾರಾಯ ಮೆಲ್ಲಗೆ ನನಗಷ್ಟೇ ಕೇಳುವಂತೆ ಹೇಳಿದ: “ನಮ್ಮ ಪಲ್ಟನ್ಯಾಗ ಅಂವ ಜಿಗದು ಹೊಡೆಯೋ ಆಟಗಾರ. ಅಂವ ನೆಟ್ಟಿನ ಮ್ಯಾಲ ಎದ್ದಾಂದ್ರ ಮಂದಿ ಬಾಯಿ ಬಿಟ್ಟು ನೋಡತಿದ್ರು. ಅಂಥಾವಗ ಕುಂತು ಆಡು ಅಂತ ಹ್ಯಾಂಗ ಹೇಳಲಿ? ಇವತ್ತು ಬರಲಿಲ್ಲ ಅಂದ್ರ ಅಂವ ನಮಗ ಸಿಗಂಗಿಲ್ಲ ಮಾಸ್ತರ. ಆಟಕ್ಕ ಅಂತಲ್ಲ, ಎದಕ್ಕೂ ಸಿಗಂಗಿಲ್ಲ.”

ನೀಲವ್ವ ಬಾಗಿಲಲ್ಲಿಯೇ ಕಾಯುತ್ತಿದ್ದಳು. ಮೂವತ್ತರ ಒಳಗಿನ ಹೆಂಗಸು, ಕಣ್ಣ ಕೆಳಗೆ ಕಪ್ಪು. ಕೈಕಾಲಿಗೆ ನೀರು ಕೊಟ್ಟು, “ಇವತ್ತೂ ಅರ್ಧಾ ರೊಟ್ಟಿರಿ” ಎಂದಳು. ಒಳಗೆ ಕತ್ತಲು. ಹೊರಸಿನ ಮೇಲೆ ಕೌದಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಸಂಗಪ್ಪ ಮಲಗಿದ್ದ. ಕೃತಕ ಕಾಲು ಮೂಲೆಯಲ್ಲಿ ಚೀಲ ಸುತ್ತಿಕೊಂಡು ನಿಂತಿತ್ತು.

ಅಣ್ಣಾರಾಯ ತನ್ನ ಕಾಲು ಬಿಚ್ಚಿ ಅದರ ಪಕ್ಕದಲ್ಲಿಟ್ಟು, ನೆಲದ ಮೇಲೆ ಕುಳಿತ. ಉಳಿದವರೂ ಕುಳಿತೆವು. ಆರೋಗ್ಯ ವಿಚಾರಿಸಲಿಲ್ಲ.

“ಸಂಗಪ್ಪಾ, ನಾವು ಐದು ಮಂದಿ ಅದೀವಿ. ನೀ ಬಂದ್ರ ಆರು. ಆರು ಮಂದಿ, ಏಳು ಕಾಲು.”

ಗೋಡೆಯ ಕಡೆಯಿಂದಲೇ ಉತ್ತರ ಬಂತು. “ಏಳು, ಏಳು! ಡಾಕ್ಟರ ಬಂದು ಏಳು ಅಂದ. ಮಾವ ಬಂದು ಏಳು ಅಂದ. ಇಕಿ ಮುಂಜಾನಿಂದ ಸಂಜೀತನಕಾ ಏಳ್ರಿ ಏಳ್ರಿ ಅಂತಾಳ. ನೀವೂ ಅದನ್ನ ಹೇಳಾಕ ಇಂಡಿಯಿಂದ ಬಂದ್ರೇನು?”

ಅಣ್ಣಾರಾಯನಿಗೂ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು ಎಂದು ನನಗನಿಸಿತ್ತು. ಆಮೇಲೆ ಅವನ ಮುಖ ಅರಳಿತು.

“ಇಲ್ಲೋ ತಮ್ಮಾ. ನಾ ಅಂದದ್ದು ಲೆಕ್ಕದ ಏಳು. ಐದು, ಆರು, ಏಳು. ನೀ ಯಾಕ ಏಳತಿ? ಏಳಲೇಬ್ಯಾಡ. ನಮ್ಮ ಆಟದಾಗ ಎದ್ದವಂದ ಪಾಯಿಂಟ್ ಹೋಗತೈತಿ.”

ಹೊರಸು ಕಿರುಗುಟ್ಟಿತು. ಸಂಗಪ್ಪ ಅರ್ಧ ತಿರುಗಿದ್ದ. “ಎದ್ದವಂದ ಹೋಗತೈತಿ? ಅದ್ಯಾ ಆಟ? ಚೌಕಾಬಾರೋ, ಇಸ್ಪೀಟೋ?”

“ವಾಲಿಬಾಲ್. ಕುಂಡಿ ನೆಲಾ ಬಿಡೂವಂಗಿಲ್ಲ.”

“ಕುಂಡಿ ನೆಲಕ್ಕ ಹಚ್ಚಿ ವಾಲಿಬಾಲ್ ಆಡತಾರಂತ! ಅಲ್ರಿ ಸಾಹೇಬ್ರ, ಹಂಗಂದ್ರ ಸ್ಮ್ಯಾಶ್ ಹ್ಯಾಂಗ ಹೊಡೀತಾರ?”

“ನಮಗೇನ ಗೊತ್ತು?” ಎಂದ ಶೇಖಪ್ಪ, ಬೆಳಗಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. “ನಮಗ್ಯಾರಿಗೂ ಬರಂಗಿಲ್ಲ. ನೀ ಹೊಡದು ತೋರಸು, ಇಲ್ಲಾಂದ್ರ ಹಂಗ ಬಿದಕೊಂಡಿರು. ನಂದು ಮುಂಜಾನಿ ಏಳೂಕಾಲರಿಂದ ದಿನಾ ಹಾಳಾಗೇತಿ.”

ಇಲ್ಲಿಂದ ಮುಂದಿನದು ನನಗೆ ಕಲಸಿಹೋಗಿದೆ. ನೆಟ್ ಇಲ್ಲ, ಹಗ್ಗವಾದರೂ ಬೇಕು ಎಂದು ಯಾರೋ ಅಂದರು. ಒಕ್ಕಲುತನದ ಮನೆ, ದನದ ಕೊಟ್ಟಿಗೆಯಲ್ಲಿ ಹತ್ತು ಹಗ್ಗ ತೂಗುತ್ತಿರಬೇಕು. ಆದರೆ ನನ್ನ ನೆನಪಿನಲ್ಲಿ ಸಂಗಪ್ಪ ಕುಳಿತಲ್ಲಿಂದಲೇ ಬಾಗಿ, ಹೊರಸಿನ ಕಾಲ್ದೆಸೆಯಲ್ಲಿ ಅದನ್ನು ಬಿಗಿಯಾಗಿಡುವ ಹಗ್ಗದ ಗಂಟು ಬಿಚ್ಚುತ್ತಿದ್ದಾನೆ. “ಕಾಲ ಕಡೀದು ನನಗ್ಯಾಕ ಬೇಕು?” ಎನ್ನುತ್ತಿದ್ದಾನೆ. ಟಿಪ್ಪಣಿ ಪುಸ್ತಕದಲ್ಲಿ ‘ಹಗ್ಗ, ನೀಲವ್ವ’ ಎಂದಷ್ಟೇ ಇದೆ. ಮುಂದೆ ಅಣ್ಣಾರಾಯನನ್ನು ಕೇಳಿದಾಗ, “ನಾನ ಬಿಚ್ಚಿದ್ದೆ, ಅಂವ ಮತ್ತ ಮಲಗಬಾರದು ಅಂತ” ಎಂದ. ಮೂರೂ ನಿಜವಾಗಿರಲಾರವು. ನನ್ನದು ಎಲ್ಲಕ್ಕಿಂತ ಚೆನ್ನಾಗಿದೆ, ಅದಕ್ಕೇ ಅದರ ಮೇಲೆ ನನಗೆ ಹೆಚ್ಚು ಅನುಮಾನ. ಸಂಗಪ್ಪ ಹೊಸ್ತಿಲು ದಾಟಿದ್ದು ಹೇಗೆ ಎಂಬುದೂ ನೆನಪಿಲ್ಲ. ನಾನು ಅದನ್ನೇ ನೋಡಲು ಧಾರವಾಡದಿಂದ ಹೋದವನು, ಆ ಗಳಿಗೆಯಲ್ಲಿ ಅಂಗಳದಲ್ಲಿ ಕಲ್ಲು ಆರಿಸುತ್ತಿದ್ದೆ.

ಬೇವಿನ ಮರಕ್ಕೂ ಚಕ್ಕಡಿಯ ಗಾಲಿಗೂ ಹಗ್ಗ ಕಟ್ಟಿ, ಅದರ ಮೇಲೆ ಸಂಗಪ್ಪನ ಕೌದಿಯನ್ನೇ, ಕೆಳಗೆ ಸಂದು ಉಳಿಯುವಂತೆ ಮಡಚಿ, ಹರವಿದೆವು. ಒಂದು ಕಡೆ ಅಣ್ಣಾರಾಯ ಮತ್ತು ನಾನು, ಇನ್ನೊಂದು ಕಡೆ ಮೂವರು. ಕುಂಡಿ ಎದ್ದದ್ದನ್ನು ನೋಡಿ ಹೇಳುವ ಕೆಲಸ ನೀಲವ್ವನಿಗೆ ಕೊಟ್ಟರು. ಅವಳು ಸೆರಗು ಬಾಯಿಗೆ ಹಿಡಿದು ಮರದ ಬುಡದಲ್ಲಿ ನಿಂತಳು.

ಕುಳಿತು ಆಡುವುದು ಎಷ್ಟು ಕಷ್ಟವೆಂದು ಹತ್ತೇ ನಿಮಿಷದಲ್ಲಿ ತಿಳಿಯಿತು. ಎರಡು ಕಾಲು ಸರಿಯಿದ್ದ ನಾನೇ ಎಲ್ಲಕ್ಕಿಂತ ದಡ್ಡ. ಚೆಂಡು ಬಂದೊಡನೆ ಕಾಲು ತಾನೇ ಎದ್ದು ನಿಲ್ಲಲು ನೋಡುತ್ತಿತ್ತು. “ಎದ್ರಿ, ಮಾಸ್ತರು ಎದ್ರಿ!” ಎಂದು ನೀಲವ್ವ ಮೊದಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಕೂಗಿದಳು. ಅಣ್ಣಾರಾಯ ನನ್ನನ್ನು ಬೈದ. ಲಾಲಸಾಬ ಒಂದೇ ಕೈಯಲ್ಲಿ ಚೆಂಡನ್ನು ಎತ್ತಿ ಎತ್ತಿ ಕೊಡುತ್ತಿದ್ದ. ಸಂಗಪ್ಪ ಬಹಳ ಹೊತ್ತು ಬರೀ ತಡೆಯುತ್ತಿದ್ದ, ಹೊಡೆಯಲಿಲ್ಲ. ಅವನ ಅಂಗಿಯ ಬೆನ್ನು ತೊಯ್ದಿತ್ತು.

ಆಮೇಲೆ ಚೆಂಡು ಕೌದಿಯ ಮೇಲೆ ಬಂದು ಒಂದು ಕ್ಷಣ ನಿಂತಂತಾಯಿತು. ಸಂಗಪ್ಪ ಎರಡೂ ಕೈ ನೆಲಕ್ಕೂರಿ, ಒಂದನ್ನು ಕಿತ್ತು ಬೀಸಿದ. ಚೆಂಡು ನನ್ನ ಮತ್ತು ಅಣ್ಣಾರಾಯನ ನಡುವೆ ಬಿದ್ದು ಧೂಳೆಬ್ಬಿಸಿ ಗೋಡೆಗೆ ಬಡಿಯಿತು.

“ಎದ್ರಿ!” ಎಂದು ಚೀರಿದಳು ನೀಲವ್ವ. “ನೀವು ಎದ್ರಿ! ಪಾಯಿಂಟ್ ಇಲ್ಲ! ಏಳಬ್ಯಾಡ್ರಿ ಅಂದ್ರೂ ಏಳತೀರಿ!”

“ಎಲ್ಲಿ ಎದ್ದೇನಿ ನಾ?” ಸಂಗಪ್ಪನ ಕತ್ತಿನ ನರ ಉಬ್ಬಿತ್ತು. “ಒಂದ ಬಟ್ಟ ಸುದ್ದಾ ಎದ್ದಿಲ್ಲ! ಹದಿನಾಕು ತಿಂಗಳಾತು ಎದ್ದಿಲ್ಲ, ಈಗ ಏಳತೇನೇನು? ಕಣ್ಣು ಕಾಣಸತಾವೋ ಇಲ್ಲೋ ನಿನಗ?”

“ಕಾಣಸತಾವ್ರಿ. ಇಷ್ಟು ಎದ್ರಿ, ಇಷ್ಟು!” ಎಂದು ಅವಳು ಕೈಯಲ್ಲಿ ಗೇಣು ತೋರಿಸಿದಳು. ನಕ್ಕಳೋ ಅತ್ತಳೋ, ಸೆರಗು ಮುಖದ ಮೇಲಿತ್ತು.

ಜಗಳ ಹತ್ತಿಕೊಂಡಿತು. ಎದ್ದಿದ್ದಾನೆ ಎಂದ ಅಣ್ಣಾರಾಯ. ಎದ್ದಿಲ್ಲ ಎಂದ ಲಾಲಸಾಬ. ಎದ್ದರೂ ಅದು ಹೊಡೆದ ಮೇಲೆ ಎದ್ದದ್ದು ಎಂದ ಶೇಖಪ್ಪ. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. “ಮಾಸ್ತರ, ನೀ ಓದಿದವ. ಎದುರಿಗೇ ಇದ್ದಿ. ಹೇಳು, ಎದ್ದನೋ ಇಲ್ಲೋ?”

ನಾನು ನೋಡಿದ್ದೆ. ಅವನ ಕೆಳಗೆ ನೆಲಕ್ಕೂ ಅವನಿಗೂ ನಡುವೆ ಬಿಸಿಲಿನ ಒಂದು ಗೆರೆ ಕಂಡಿತ್ತು. ಅಥವಾ ಅವನು ಎದ್ದರೆ ಚೆನ್ನ ಎಂದು ನಾನು ಬಯಸಿದ್ದರಿಂದ ಕಂಡಿತ್ತು. ಸಂಗಪ್ಪ ನನ್ನನ್ನೇ ದಿಟ್ಟಿಸುತ್ತಿದ್ದ, ಅವನಿಗೆ ಆ ಒಂದು ಪಾಯಿಂಟು ಬೇಕಾಗಿತ್ತು. “ನನಗೆ ಗೊತ್ತಿಲ್ಲ” ಎಂದೆ.

“ಹದಿನೇಳು ವರ್ಷ ಸಾಲೀ ಕಲತು ಇದನ್ನ ಕಲತೇನೋ!” ಎಂದ ಅಣ್ಣಾರಾಯ. ಎಲ್ಲರೂ ನಕ್ಕರು. ಸಂಗಪ್ಪ ನಗಲಿಲ್ಲ. ಚೆಂಡನ್ನು ಬಗಲಲ್ಲಿಟ್ಟುಕೊಂಡು, “ಮತ್ತೊಮ್ಮೆ ಆಡ್ರಿ. ಈ ಸಲ ಎಲ್ಲಾರೂ ಕಣ್ಣು ತಗದು ನೋಡ್ರಿ” ಎಂದ.

ಬಸ್ಸಿನ ಹೊತ್ತಾಗುವ ತನಕ ಆಡಿದೆವು. ಅಂಗಳದಲ್ಲಿಯೇ ರೊಟ್ಟಿ ತಿಂದೆವು. ಸಂಗಪ್ಪ ಎಷ್ಟು ತಿಂದ ಎಂದು ನಾನು ಎಣಿಸಬೇಕಾಗಿತ್ತು, ಕಾಗದದಲ್ಲಿ ಹಸಿವಿನ ಪ್ರಶ್ನೆಯಿತ್ತು. ಆದರೆ ಕುಂಡಿ ಎಂಬುದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ವಾದದಲ್ಲಿ ನಾನೂ ಸೇರಿಕೊಂಡುಬಿಟ್ಟಿದ್ದೆ. ಟೆಂಪೋ ಹತ್ತಿ ಹಿಂತಿರುಗಿ ನೋಡಿದಾಗ ಹಗ್ಗ ಹಾಗೆಯೇ ಇತ್ತು, ಅದರ ಮೇಲೆ ಕೌದಿ. ಸಂಗಪ್ಪ ಅದರ ಹತ್ತಿರ ಕುಳಿತು, ಯಾರೂ ಇಲ್ಲದ ಕಡೆಗೆ ಕೈ ಬೀಸಿ, ತನ್ನ ಕೆಳಗಿನ ನೆಲವನ್ನು ಬಗ್ಗಿ ನೋಡಿಕೊಳ್ಳುತ್ತಿದ್ದ. ಇದನ್ನು ನೋಡಿದ್ದೇನೆ ಎಂದುಕೊಂಡಿದ್ದೇನೆ.

ಧಾರವಾಡಕ್ಕೆ ಬಂದು ಡಾಕ್ಟರ್ ಗೆಳೆಯನಿಗೆ ಕಾಗದ ಮರಳಿಸಿದೆ. ಸಂಗಪ್ಪನ ಹೆಸರಿನ ಕೆಳಗೆ ಐದೂ ಉತ್ತರ ಖಾಲಿ. ಕೊನೆಯಲ್ಲಿ ‘ಜಗಳವಾಡಿದ’ ಎಂದು ಬರೆದಿದ್ದೆ. ಇದು ಯಾವ ಪ್ರಶ್ನೆಗೆ ಉತ್ತರ ಎಂದು ಅವನು ಕೇಳಿದ. ಗೊತ್ತಿಲ್ಲ ಎಂದೆ.

ನಾಲ್ಕೈದು ವರ್ಷಗಳ ಮೇಲೆ ನಿಡಗುಂದಿಯಲ್ಲಿ ಒಂದು ಮದುವೆಗೆ ಹೋದವನು, ಮನಸ್ಸು ತಡೆಯದೆ, ದಾರಿ ಸುತ್ತಾದರೂ ಆ ಊರಿಗೆ ಹೋದೆ. ಸಂಗಪ್ಪ ಮನೆಯಲ್ಲಿರಲಿಲ್ಲ. ನೀಲವ್ವ ನನ್ನ ಗುರುತು ಹಿಡಿದು, “ಭಾಳ ಏಳತಿದ್ದ ಮಾಸ್ತರು” ಎಂದು ನಕ್ಕಳು. ಹಗ್ಗವನ್ನು ಬಿಚ್ಚಿದವರು ಯಾರು ಎಂದು ಕೇಳಿದೆ.

“ನೆನಪಿಲ್ರಿ. ನಾನೋ ಅವರೋ. ಮತ್ತ ಕಟ್ಟಲಿಲ್ಲ, ಅದೊಂದು ಖರೆ.”

ಮನೆಯ ಹಿಂದೆ ಕರೆದುಕೊಂಡು ಹೋಗಿ ತೋರಿಸಿದಳು. ಹೊರಸು ಗೋಡೆಗೆ ನೆಟ್ಟಗೆ ನಿಂತಿತ್ತು, ಅದರ ಮೇಲೆ ಹೀರೇಬಳ್ಳಿ ಹಬ್ಬಿತ್ತು. ಬಳ್ಳಿ ಸರಿಸಿ ಕಾಲ್ದೆಸೆಯ ಕಟ್ಟಿಗೆಯ ಮೇಲೆ ಬೆರಳಾಡಿಸಿದೆ. ಹಗ್ಗ ಉಜ್ಜಿದ ಹಳೆಯ ತಗ್ಗುಗಳು ಕೈಗೆ ಸಿಕ್ಕವು. ಹಗ್ಗವಿರಲಿಲ್ಲ.